ಯುಗಾದಿಗೆ ಚಿಗುರಿದ ಹೊಂಗೆ ಗಿಡ ಈಗ ಒಣಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ತುಮಕೂರಿನ ಹೊರಗಿನ ಹೊಸ ಬಡಾವಣೆ. ಮಾರ್ಚ್ ಮೊದಲ ವಾರ ಗೃಹಪ್ರವೇಶ ಆಯಿತು. ನೆರಳಿಗೆ ಇರಲಿ ಅಂತ ಆಗಲೇ ಮನೆ ಮುಂದೆ ಒಂದು ಹೊಂಗೆ ಗಿಡ ನೆಟ್ಟೆವು. ನರ್ಸರಿಯಿಂದ ತಂದಾಗಲೇ 8 ಅಡಿ ಎತ್ತರ ಇತ್ತು. 3 ಅಡಿ ಗುಂಡಿ ತೋಡಿಸಿ, ತಳಕ್ಕೆ ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ ಹಾಕಿಸಿದ್ದೆವು. ಇದ್ದ ಎಲೆಗಳೆಲ್ಲ ಹಳದಿಯಾಗಿ ಉದುರಿ, ಯುಗಾದಿ ಹೊತ್ತಿಗೆ ಚೆನ್ನಾಗಿ ಚಿಗುರಿತು. ಸದ್ಯ, ಗಿಡ ಹಿಡೀತು ಅಂದುಕೊಂಡೆವು. ಈಗ ಏಪ್ರಿಲ್ ಕೊನೆ. ಎರಡು ವಾರದಿಂದ ಎಲೆ ಜೋತುಬಿದ್ದಿದೆ. ಅಂಚು ಕಂದಾಗಿ ಮುರುಟುತ್ತಿದೆ, ತುದಿಯ ಕಡ್ಡಿಗಳು ಒಣಗಿವೆ. ಕೆಲವು ಎಲೆಗಳ ಮೇಲೆ ಗಂಟು ಗಂಟು ಎದ್ದಿದೆ. ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ನೀರು ತಪ್ಪಿಸಿಲ್ಲ. ಮೊನ್ನೆ ಒಂದು ಹಿಡಿ ಯೂರಿಯಾನೂ ಹಾಕಿದೆ. ಪಕ್ಕದ ಮನೆಯವರು ಅರ್ಧಕ್ಕೆ ಕಡಿದುಬಿಡಿ ಅಂತಾರೆ. ಗೊಬ್ಬರದಂಗಡಿಯವರು ಡಿಎಪಿ ಕೊಟ್ಟು ಔಷಧಿ ಹೊಡೀರಿ ಅಂತಾರೆ. ನಮ್ಮ ಮಾವ ಕಿತ್ತು ಬೇರೆ ನೆಡಿ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಮೂವರ ಮಾತೂ ಬೇಡ. ಕತ್ತರಿ, ಗೊಬ್ಬರ, ಔಷಧಿ, ಹಾರೆ ನಾಲ್ಕನ್ನೂ ಒಳಗಿಡಿ. ಗಿಡ ಸತ್ತಿರುವ ಸಾಧ್ಯತೆ ಕಡಿಮೆ. ಹೊಂಗೆ ಅಷ್ಟು ಸುಲಭಕ್ಕೆ ಸಾಯುವ ಜಾತಿ ಅಲ್ಲ. ಆದರೆ ಅದು ಇನ್ನೂ ನಿಮ್ಮ ನೆಲಕ್ಕೆ ಬೇರು ಬಿಟ್ಟಿಲ್ಲ. ನೀವು ನೋಡುತ್ತಿರುವುದು ಎಲೆಯ ರೋಗ ಅಲ್ಲ, ಬೇರಿನ ಕೊರತೆ. ಇದು ತಲೆಗೆ ಹತ್ತಿದರೆ ಮಿಕ್ಕದ್ದೆಲ್ಲ ಸುಲಭ.

ಮೊದಲು ಮಾರ್ಚ್ ತಿಂಗಳಲ್ಲಿ ಏನಾಯಿತು ನೋಡೋಣ. ಹೊಂಗೆ ಪ್ರತಿ ವರ್ಷ ಫೆಬ್ರವರಿ, ಮಾರ್ಚ್ ಹೊತ್ತಿಗೆ ಹಳೆಯ ಎಲೆ ಉದುರಿಸುತ್ತದೆ. ಯುಗಾದಿ ಆಸುಪಾಸಿನಲ್ಲಿ ಮಿರಮಿರ ಮಿಂಚುವ ಹೊಸ ಎಲೆ ಬಿಡುತ್ತದೆ. ನೀವು ಗಿಡ ತಂದದ್ದು ಸರಿಯಾಗಿ ಆ ಹೊತ್ತಿಗೆ. ಹಾಗಾಗಿ ಮೊದಲ ಸಲ ಎಲೆ ಉದುರಿದ್ದರಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಆಮೇಲೆ ಚಿಗುರಿತಲ್ಲ, ಅದರಲ್ಲಿ ಹಿಗ್ಗುವಂಥದ್ದೂ ಅಷ್ಟಾಗಿ ಇರಲಿಲ್ಲ. ಚಿಗುರು ಬಂತು ಅಂದರೆ ಗಿಡ ಹಿಡೀತು ಅಂತ ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಕಡಿದು ಬಿಸಾಡಿದ ನುಗ್ಗೆ ಕೊಂಬೆ ಬೇಲಿ ಪಕ್ಕ ಬಿದ್ದಲ್ಲೇ ಚಿಗುರುವುದನ್ನು ನೋಡಿದ್ದೀರಲ್ವಾ? ಅದಕ್ಕೆ ಬೇರೇ ಇಲ್ಲ. ಕಾಂಡದಲ್ಲಿ ಕೂಡಿಟ್ಟ ಆಹಾರ ಮತ್ತು ತೇವದಲ್ಲಿ ಚಿಗುರುತ್ತದೆ. ನಿಮ್ಮ ಹೊಂಗೆ ಚಿಗುರಿದ್ದೂ ಹೆಚ್ಚು ಕಡಿಮೆ ಹಾಗೆಯೇ. ನರ್ಸರಿಯಲ್ಲಿದ್ದಾಗ ಕೂಡಿಟ್ಟದ್ದನ್ನು ಖರ್ಚು ಮಾಡಿ ಎಲೆ ಬಿಟ್ಟಿತು. ಎಲೆ ದೊಡ್ಡದಾದ ಮೇಲೆ ದಿನಾ ನೀರು ಬೇಕಾಯಿತು. ಏಪ್ರಿಲ್ ಬಿಸಿಲೂ ಏರಿತು. ಒದಗಿಸಲು ಕೆಳಗೆ ಸಾಕಷ್ಟು ಬೇರು ಇರಲಿಲ್ಲ. ಎಲೆ ಜೋತುಬಿತ್ತು.

ಬೇರು ಯಾಕೆ ಇರಲಿಲ್ಲ ಅಂತ ಕೇಳಬಹುದು. 8 ಅಡಿ ಗಿಡ ಅಲ್ಲವೇ? ಅಲ್ಲೇ ಇರುವುದು ತೊಂದರೆ. ದೊಡ್ಡ ಗಿಡ ಸಾಮಾನ್ಯವಾಗಿ 14x20 ಇಂಚಿನ ಕವರಿನಲ್ಲಿ ಬರುತ್ತದೆ. ಈ 14 ಇಂಚು ಅನ್ನುವುದು ಕವರನ್ನು ಚಪ್ಪಟೆ ಹಾಸಿದಾಗಿನ ಅಗಲ. ಮಣ್ಣು ತುಂಬಿ ನಿಲ್ಲಿಸಿದರೆ ಅಡ್ಡಗಲ ಸುಮಾರು 9 ಇಂಚು, ಅಷ್ಟೇ. ನಿಮ್ಮ ಗೇಣಿಗಿಂತ ಸ್ವಲ್ಪ ಜಾಸ್ತಿ ಇರುವ ಮಣ್ಣಿನ ಉಂಡೆ 8 ಅಡಿ ಗಿಡವನ್ನು ಸಾಕುತ್ತಿದೆ! ನರ್ಸರಿಯಲ್ಲಿ ಅದು ಬದುಕಿದ್ದು ಹೇಗೆ ಅಂದರೆ, ತುಂಬಾ ದಿನ ಒಂದೇ ಕಡೆ ಇಟ್ಟ ಕವರಿನ ತಳ ತೂತುಮಾಡಿಕೊಂಡು ಬೇರು ನೆಲಕ್ಕೆ ಇಳಿದಿರುತ್ತದೆ. ಗಿಡ ಉಣ್ಣುವುದು, ಕುಡಿಯುವುದು ಆ ಬೇರಿನಿಂದ. ನೀವು ದುಡ್ಡು ಕೊಟ್ಟು ಗಿಡ ಎತ್ತಿಸಿದಾಗ ಆ ಬೇರು ಪಟ್ ಅಂತ ಕಿತ್ತು ನರ್ಸರಿ ನೆಲದಲ್ಲೇ ಉಳಿಯುತ್ತದೆ. ಅದಕ್ಕೇ ಒಳ್ಳೆಯ ನರ್ಸರಿಯವರು ಕವರುಗಳನ್ನು ಆಗಾಗ ಎತ್ತಿ ಜಾಗ ಬದಲಿಸುತ್ತಾರೆ. ಕೆಳಗೆ ಇಳಿದ ಬೇರು ಚಿಕ್ಕದಿರುವಾಗಲೇ ಕಡಿಯುತ್ತದೆ, ಕವರಿನ ಒಳಗೆ ಬೇರೆ ಬೇರು ಹೆಚ್ಚುತ್ತದೆ. ಎಲ್ಲರಿಗೂ ಅಷ್ಟು ಆಳು ಎಲ್ಲಿ ಸಿಗುತ್ತಾರೆ ಈಗ?

ಇನ್ನು ನೀರು. ದಿನಕ್ಕೆ ಎರಡು ಕೊಡ ಹಾಕಿಯೂ ಒಣಗುತ್ತಿದೆ ಅಂತ ನಿಮಗೆ ಬೇಜಾರು. ನೀರಿನ ಅಳತೆ ಏನೂ ಕಡಿಮೆಯಾಗಿಲ್ಲ. ಅದು ಹೋಗುವ ಜಾಗ ತಪ್ಪಿರಬಹುದು. ಕವರಿನ ಮಣ್ಣು ತುಳಿದು ತುಂಬಿದ ಕೆಮ್ಮಣ್ಣು, ಬಿಗಿಯಾಗಿರುತ್ತದೆ. ಅದರ ಸುತ್ತ ನೀವು ತುಂಬಿಸಿದ ಮಣ್ಣು ಸಡಿಲ. ಒಂದು ಕೊಡ ನೀರನ್ನು ಒಂದೇ ಸಲ ಸುರಿದರೆ ಅದು ಸಡಿಲ ಇರುವ ಕಡೆ ಸರ್ರನೆ ಇಳಿದುಹೋಗುತ್ತದೆ. ನಡುವಿನ ಉಂಡೆಯ ಮೇಲೆ ಒಂದಿಂಚು ನೆನೆಯುತ್ತದೆ, ಒಳಗೆ ಒಣಗಿಯೇ ಇರುತ್ತದೆ. ಸುತ್ತಲೂ ಕೆಸರು, ಬೇರಿರುವ ಜಾಗದಲ್ಲಿ ಧೂಳು. ಇದು ಒಂದು ಬಗೆ.

ಇನ್ನೊಂದು ಬಗೆ ಇದಕ್ಕೆ ಪೂರಾ ಉಲ್ಟಾ. ನಿಮ್ಮ ಕಡೆ ಕೆಂಪು ಮಣ್ಣಿನ ಕೆಳಗೆ ಗಟ್ಟಿ ಗೊರಚು ಸಿಗುತ್ತದೆ. ಬಡಾವಣೆಯಲ್ಲಿ ಜೆಸಿಬಿ, ಟಿಪ್ಪರ್ ಓಡಾಡಿ ನೆಲ ಇನ್ನಷ್ಟು ಬಿಗಿದಿರುತ್ತದೆ. ಅಂಥ ನೆಲದಲ್ಲಿ 3 ಅಡಿ ಗುಂಡಿ ತೋಡಿದರೆ ಅದೊಂದು ಬಾನಿ ಆಗುತ್ತದೆ. ಹಾಕಿದ ನೀರು ತಳದಲ್ಲಿ ನಿಲ್ಲುತ್ತದೆ. ಅಲ್ಲಿರುವ ಕೊಟ್ಟಿಗೆ ಗೊಬ್ಬರ ಗಾಳಿಯಿಲ್ಲದೆ ಕೊಳೆಯುತ್ತದೆ. ಬೇರಿಗೂ ಉಸಿರಾಡಲು ಗಾಳಿ ಬೇಕು. ಸಿಗದಿದ್ದರೆ ಸಾಯುತ್ತದೆ. ಸತ್ತ ಬೇರು ನೀರು ಕುಡಿಯುವುದಿಲ್ಲ, ಹಾಗಾಗಿ ನೀರಲ್ಲಿ ನಿಂತೇ ಗಿಡ ಬಾಡುತ್ತದೆ.

ಈ ಎರಡರಲ್ಲೂ ಎಲೆ ಕಾಣುವುದು ಒಂದೇ ಥರ. ಎಲೆ ನೋಡಿ ನೀರು ಹಾಕುವುದು ಅಂದರೆ ಕಣ್ಣುಮುಚ್ಚಿ ಹಾಕಿದ ಹಾಗೆ. ಮಣ್ಣು ನೋಡಿ ಹಾಕಬೇಕು.

ಅದಕ್ಕೇ ನಾಳೆ ಬೆಳಿಗ್ಗೆ ನೀರು ಹಾಕುವ ಮುಂಚೆ ಒಂದು ಅರ್ಧ ಗಂಟೆ ಗಿಡದ ಹತ್ತಿರ ಕೂತುಕೊಳ್ಳಿ. ಆರು ಗಂಟೆಗೇ ಹೋಗಿ. ಮಧ್ಯಾಹ್ನ ಎರಡು ಗಂಟೆಗೆ ಯಾವ ಎಳೆ ಗಿಡವಾದರೂ ತಲೆ ತಗ್ಗಿಸುತ್ತದೆ, ಅದು ಲೆಕ್ಕಕ್ಕಿಲ್ಲ. ಬೆಳಿಗ್ಗೆ ಆರಕ್ಕೂ ಎಲೆ ಜೋತೇ ಇದ್ದರೆ ಮಾತ್ರ ನಿಜವಾದ ಕಷ್ಟ.

ಎಲೆಗಳನ್ನು ಮುಟ್ಟಿ ನೋಡಿ. ಗಿಡ ತಾನಾಗಿ ಬಿಡುವ ಎಲೆ ಹಳದಿಯಾಗಿ, ಮುಟ್ಟಿದರೆ ಸಾಕು ತೊಟ್ಟಿನ ಬುಡದಲ್ಲಿ ಕಳಚಿ ಕೈಗೆ ಬರುತ್ತದೆ. ಅದು ಒಳ್ಳೆಯದೇ. ಎಲೆ ಉದುರಿಸಲು ಕೊಂಬೆಗೆ ಜೀವ ಇರಬೇಕು. ಕಂದಾಗಿ ಗರಿಗರಿ ಒಣಗಿ, ಎಳೆದರೂ ಬಿಡದೆ ಅಂಟಿಕೊಂಡಿರುವ ಎಲೆ ಇದೆಯಲ್ಲ, ಅದು ಕೆಟ್ಟ ಸೂಚನೆ. ತೊಟ್ಟು ಕಳಚಿಕೊಳ್ಳುವಷ್ಟು ಸಮಯವೂ ಸಿಗದೆ ಕಡ್ಡಿ ಸಹಿತ ಒಣಗಿದೆ ಅಂತ ಅರ್ಥ.

ಆಮೇಲೆ ಉಗುರು ಪರೀಕ್ಷೆ. ತುದಿಯ ಕಡ್ಡಿಯಿಂದ ಶುರುಮಾಡಿ. ತೊಗಟೆಯನ್ನು ಉಗುರಿನಿಂದ ಒಂದು ಭತ್ತದ ಕಾಳಿನಷ್ಟು ಮಾತ್ರ ಕೆರೆಯಿರಿ. ಒಳಗೆ ಒಣಗಿ ಕಂದಾಗಿದ್ದರೆ ಒಂದು ಗೇಣು ಕೆಳಗೆ ಬನ್ನಿ. ಮತ್ತೆ ಕೆರೆಯಿರಿ. ಹೀಗೆ ಇಳಿಯುತ್ತಾ ಬಂದರೆ ಎಲ್ಲೋ ಒಂದು ಕಡೆ ಹಸಿರು ಸಿಗುತ್ತದೆ. ಬೆರಳಿಗೆ ತೇವ ಹತ್ತುತ್ತದೆ. ಆ ಜಾಗಕ್ಕೆ ಒಂದು ಕೆಂಪು ದಾರ ಕಟ್ಟಿ. ಹತ್ತು ದಿನ ಬಿಟ್ಟು ಮತ್ತೆ ನೋಡಿ. ಹಸಿರಿನ ಗಡಿ ದಾರದ ಹತ್ತಿರವೇ ಇದ್ದರೆ ಗಿಡ ನಿಂತುಕೊಂಡಿದೆ. ದಾರಕ್ಕಿಂತ ಕೆಳಗೆ ಸರಿದಿದ್ದರೆ ಇನ್ನೂ ಒಣಗುತ್ತಲೇ ಇದೆ. ದಿನಾ ಕೆರೆಯಬೇಡಿ, ಪಾಪ. ಒಂದೊಂದು ಗಾಯವೂ ಅದಕ್ಕೆ ಖರ್ಚೇ.

ಕೊನೆಗೆ ಮಣ್ಣು. ಎರಡು ಕಡೆ ನೋಡಬೇಕು. ಕಾಂಡದಿಂದ ಮೂರು ಬೆರಳು ದೂರದಲ್ಲಿ ಒಂದು, ಅಂದರೆ ಹಳೆಯ ಕವರಿನ ಮಣ್ಣಿನೊಳಗೆ. ಒಂದು ಅಡಿ ದೂರದಲ್ಲಿ ಇನ್ನೊಂದು, ಅಂದರೆ ನೀವು ತುಂಬಿದ ಮಣ್ಣಿನೊಳಗೆ. ಹಳೆಯ ಸ್ಕ್ರೂಡ್ರೈವರ್ ಅಥವಾ ಚಿಕ್ಕ ಕಬ್ಬಿಣದ ಸರಳಿನಿಂದ ಮೆಲ್ಲಗೆ ಬಿಡಿಸಿ, ಆರಿಂಚು ಆಳದ ಮಣ್ಣನ್ನು ಕೈಗೆ ತಗೊಳ್ಳಿ. ಮುಷ್ಟಿಯಲ್ಲಿ ಹಿಸುಕಿ. ಉಂಡೆ ಆಗಿ, ಬೆರಳಿಂದ ಒತ್ತಿದರೆ ಒಡೆದರೆ ಹದ ಸರಿ ಇದೆ. ಉಂಡೆಯೇ ಆಗದೆ ಉದುರಿದರೆ ಒಣಗಿದೆ. ಕೈಗೆ ನೀರು ಇಳಿದರೆ, ಹುಳಿ ವಾಸನೆ ಅಥವಾ ಚರಂಡಿ ವಾಸನೆ ಬಂದರೆ ನೀರು ನಿಂತಿದೆ. ಮಣ್ಣಿನ ಜೊತೆ ಎಳೆ ಬೇರು ಬಂದರೆ ನೋಡಿ. ಬೆಳ್ಳಗೆ, ಗಟ್ಟಿಯಾಗಿ ಇದ್ದರೆ ಜೀವ ಇದೆ. ಕಪ್ಪಾಗಿ, ಎಳೆದರೆ ಮೇಲಿನ ಸಿಪ್ಪೆ ಕೈಗೆ ಬಂದು ಒಳಗಿನ ದಾರ ಉಳಿದರೆ ಆ ಬೇರು ಕೊಳೆತಿದೆ.

ನಡುವಿನ ಉಂಡೆ ಒಣಗಿದೆ ಅಂತ ಕಂಡರೆ, ಕೊಡ ಬಿಡಿ. 20 ಲೀಟರಿನ ಹಳೆಯ ಕ್ಯಾನಿನ ತಳದಲ್ಲಿ ಸಣ್ಣ ಮೊಳೆಯಿಂದ ತೂತು ಮಾಡಿ, ಒಂದು ಬತ್ತಿ ತುರುಕಿ. ಅದನ್ನು ಕಾಂಡದ ಪಕ್ಕ, ಹನಿ ಸರಿಯಾಗಿ ಆ ಉಂಡೆಯ ಮೇಲೆ ಬೀಳುವ ಹಾಗೆ ಇಡಿ. ಆದರೆ ನೀರು ಕಾಂಡಕ್ಕೇ ತಾಗುವುದು ಬೇಡ. ದಿನ ಬಿಟ್ಟು ದಿನ ಐದಾರು ಲೀಟರ್ ಹನಿಯಲಿ. ಬಿಸಿಲು ಜಾಸ್ತಿ ಇದ್ದು ಮಣ್ಣು ಬೇಗ ಒಣಗಿದರೆ ದಿನಾ ಕೊಡಿ. ಇಷ್ಟು ಕಡಿಮೆಯಾ ಅಂತ ಅನ್ನಿಸಬಹುದು. ಬೇರಿರುವ ಜಾಗವೇ ಅಷ್ಟು ಚಿಕ್ಕದು, ಅದು ಹಿಡಿದಿಟ್ಟುಕೊಳ್ಳುವುದೂ ಅಷ್ಟೇ. ಇದರ ಜೊತೆ ಐದಾರು ದಿನಕ್ಕೊಮ್ಮೆ ಸುತ್ತಲಿನ ಪಾತಿ ಪೂರಾ ನೆನೆಯುವ ಹಾಗೆ 25-30 ಲೀಟರ್ ನೀರನ್ನು ನಿಧಾನವಾಗಿ ಬಿಡಿ. ಒಳಗಿನ ಬೇರು ಹೊರಗೆ ಕಾಲಿಡಬೇಕಾದರೆ ಹೊರಗೂ ತೇವ ಇರಬೇಕು. ಸುತ್ತ ಒಣ ಮಣ್ಣಿದ್ದರೆ ಬೇರು ಆ ಕಡೆ ಹೋಗುವುದಿಲ್ಲ.

ನೀರು ನಿಂತಿದೆ ಅಂತ ಕಂಡರೆ ನಿಲ್ಲಿಸಿಬಿಡಿ. ಪೂರಾ. ಮಣ್ಣು ಹದಕ್ಕೆ ಬರುವವರೆಗೆ ನಾಲ್ಕು ದಿನವೋ ಎಂಟು ದಿನವೋ, ಒಂದು ಚೊಂಬು ಸಹ ಬೇಡ. ಬಾಡಿದ ಗಿಡಕ್ಕೆ ನೀರು ಹಾಕದೆ ಕೂರುವುದು ಕಷ್ಟ, ಅದರಲ್ಲೂ ಮನೆಯಲ್ಲಿ ಹಿರಿಯರಿದ್ದರೆ ಇನ್ನೂ ಕಷ್ಟ. ಆದರೂ ತಡೆಯಿರಿ. ಗುಂಡಿಯ ಅಂಚಿನಲ್ಲಿ, ಕಾಂಡದಿಂದ ಒಂದೂವರೆ ಅಡಿ ಆಚೆ, ಹಾರೆಯಿಂದ ಮೂರ್ನಾಲ್ಕು ಕಡೆ ಆಳವಾಗಿ ತೂತು ಹೊಡೆದು ಜಲ್ಲಿ ಅಥವಾ ದಪ್ಪ ಮರಳು ತುಂಬಿ. ಹಾರೆ ಒಳಗಿಡಿ ಅಂತ ಹೇಳಿದ್ದೆ, ಈ ಒಂದು ಕೆಲಸಕ್ಕೆ ಹೊರಗೆ ತನ್ನಿ.

ಯಾವ ನೀರು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೋರ್‌ವೆಲ್ ನೀರು ಗಡಸಾಗಿದ್ದರೂ ಹೊಂಗೆ ತಡೆದುಕೊಳ್ಳುತ್ತದೆ. ಉಪ್ಪಿನ ನೆಲದಲ್ಲೂ ಬದುಕುವ ಮರ ಅದು. ಆದರೆ ಆರ್‌ಒ ಮೆಷಿನ್ನಿನಿಂದ ಹೊರಬೀಳುವ ನೀರನ್ನೇ ದಿನಾ ಕೊಡಬೇಡಿ. ವಾಷಿಂಗ್ ಮೆಷಿನ್ ನೀರಂತೂ ಈ ವರ್ಷ ಬೇಡವೇ ಬೇಡ. ಎಸಿಯಿಂದ ಸೋರುವ ನೀರು ಧಾರಾಳವಾಗಿ ಹಾಕಬಹುದು.

ಈಗ ಯೂರಿಯಾ ವಿಷಯ. ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕ ಇದೆ. ಬೇರಿಲ್ಲದ ಗಿಡದ ಬುಡಕ್ಕೆ ಅದನ್ನು ಹಿಡಿಗಟ್ಟಲೆ ಹಾಕಿದರೆ ಆಗುವುದು ಎರಡು. ಮಣ್ಣಿನ ನೀರು ಉಪ್ಪುಪ್ಪಾಗಿ, ಬೇರಿಗೆ ಅದನ್ನು ಎಳೆದುಕೊಳ್ಳುವುದೇ ಕಷ್ಟವಾಗುತ್ತದೆ. ಎಲೆಯ ಅಂಚು ಸುಟ್ಟ ಹಾಗೆ ಆಗುವುದು ಇದರಿಂದಲೂ ಹೌದು. ಅಕಸ್ಮಾತ್ ಬೇರು ಅದನ್ನು ಹೀರಿದರೂ ಗಿಡ ಮತ್ತಷ್ಟು ಎಲೆ ಬಿಡುತ್ತದೆ, ಇರುವ ಎಲೆಗೇ ನೀರಿಲ್ಲದಿರುವಾಗ! ಕಾಳು ಇನ್ನೂ ಕಾಣುತ್ತಿದ್ದರೆ ಮೇಲಿನ ಒಂದಿಂಚು ಮಣ್ಣನ್ನು ಕೆರೆದು ಆಚೆ ಹಾಕಿ. ನೀರು ಬಸಿಯುವ ಮಣ್ಣಾದರೆ ಎರಡು ಸಲ, ಮಧ್ಯೆ ಒಂದು ದಿನ ಬಿಟ್ಟು, ಪಾತಿ ತುಂಬ ನೀರು ಬಿಟ್ಟು ಉಪ್ಪನ್ನು ಕೆಳಗೆ ಇಳಿಸಿ. ನೀರು ನಿಂತಿರುವ ಗುಂಡಿಯಾದರೆ ಇದನ್ನು ಮಾಡಬೇಡಿ, ಕೆರೆದು ತೆಗೆದರೆ ಸಾಕು. ಡಿಎಪಿಯ ಮಾತಂತೂ ಎತ್ತಬೇಡಿ. ಹೊಂಗೆ ಅವರೆ, ತೊಗರಿಯ ಬಳಗದ್ದು. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ತಾನೇ ಹಿಡಿದುಕೊಳ್ಳುತ್ತದೆ. ಅದರ ಹಿಂಡಿಯನ್ನು ನಾವು ಬೇರೆ ಬೆಳೆಗೆ ಗೊಬ್ಬರವಾಗಿ ಹಾಕುತ್ತೇವೆ, ಅದಕ್ಕೆ ನಾವು ಯೂರಿಯಾ ಕೊಡುವುದು ತಮಾಷೆಯೇ ಸರಿ.

ಮುಂದಿನದು ತುಂಬಾ ಜನ ನೋಡದೇ ಬಿಡುವ ಸಂಗತಿ. ನಿಮ್ಮ ಗಿಡ ಆಳಕ್ಕೆ ಇಳಿದಿದೆಯಾ ನೋಡಿ. 3 ಅಡಿ ಗುಂಡಿಯ ತಳಕ್ಕೆ ಎರಡು ಬುಟ್ಟಿ ಗೊಬ್ಬರ ಹಾಕಿ ಅದರ ಮೇಲೆ ಗಿಡ ಇಟ್ಟಿದ್ದೀರಿ. ಗೊಬ್ಬರ ಕರಗುತ್ತಾ ಕುಸಿಯುತ್ತದೆ. ಸಡಿಲ ಮಣ್ಣೂ ನೀರಿಗೆ ಕೂರುತ್ತದೆ. ಜೊತೆಗೆ ಗಿಡವೂ ಕೆಳಗೆ ಹೋಗುತ್ತದೆ. ಮೇಲಿನಿಂದ ಮಣ್ಣು ಜಾರಿ ಕಾಂಡವನ್ನು ಮುಚ್ಚುತ್ತದೆ. ಕಾಂಡದ ತೊಗಟೆ ಸದಾ ಒದ್ದೆ ಮಣ್ಣಲ್ಲಿ ಇರಲು ಆಗಿ ಬಂದದ್ದಲ್ಲ, ಕೊಳೆಯುತ್ತದೆ. ಕಾಂಡದ ಬುಡದ ಮಣ್ಣನ್ನು ಕೈಯಿಂದ, ಬರೀ ಬೆರಳಿಂದ ಸರಿಸುತ್ತಾ ಹೋಗಿ. ಕಾಂಡ ಸ್ವಲ್ಪ ಅಗಲವಾಗಿ ಮೊದಲ ದಪ್ಪ ಬೇರು ಕವಲೊಡೆಯುವ ಜಾಗ ಸಿಗಬೇಕು. ಅದು ನೆಲಮಟ್ಟದಲ್ಲಿ ಕಾಣಬೇಕಾದದ್ದು. ನಾಲ್ಕು ಬೆರಳು ಒಳಗೆ ಸಿಕ್ಕಿದರೆ ಆ ಮಣ್ಣನ್ನೆಲ್ಲ ಒಂದೂವರೆ ಅಡಿ ಅಗಲಕ್ಕೆ ತೆಗೆದು ಬುಡಕ್ಕೆ ಗಾಳಿ ಬಿಡಿ. ಒಂದು ಗೇಣಿಗಿಂತ ಆಳಕ್ಕೆ ಹೋಗಿದ್ದರೆ ಮಳೆ ಹಿಡಿದ ಮೇಲೆ ಮಣ್ಣಿನ ಸಮೇತ ಎತ್ತಿ ಕೂರಿಸಬೇಕಾಗುತ್ತದೆ. ಈಗ ಎತ್ತಿದರೆ ಇರುವ ನಾಲ್ಕು ಬೇರೂ ಹೋಗುತ್ತವೆ. ಮಣ್ಣು ಸರಿಸುವಾಗ ಕವರಿನ ಪ್ಲಾಸ್ಟಿಕ್ ಕಂಡರೆ ಆಶ್ಚರ್ಯಪಡಬೇಡಿ. ಕೂಲಿಯವರು ತಳ ಮಾತ್ರ ಸೀಳಿ ಹಾಗೇ ನೆಟ್ಟುಹೋಗುವುದು ಉಂಟು. ಕಂಡಷ್ಟನ್ನು ಬ್ಲೇಡಿನಿಂದ ಕತ್ತರಿಸಿ ಎಳೆದು ತೆಗೆಯಿರಿ.

ಅಗೆಯುವಾಗ ಸಿಮೆಂಟ್ ಗಟ್ಟಿ, ಇಟ್ಟಿಗೆ ಚೂರು, ಗಾರೆ ಸಿಗುತ್ತದಾ ಅಂತಲೂ ನೋಡಿ. ಹೊಸ ಮನೆಗಳ ಮುಂದೆ ಇದು ಮಾಮೂಲು. ಮೇಸ್ತ್ರಿಗಳು ಉಳಿದದ್ದನ್ನೆಲ್ಲ ಅಲ್ಲೇ ಹೂತು ಮೇಲೆ ಒಂದು ಲೋಡ್ ಕೆಮ್ಮಣ್ಣು ಎಳೆದಿರುತ್ತಾರೆ. ಸಿಮೆಂಟು ಮಣ್ಣನ್ನು ಸುಣ್ಣದ ಗುಣಕ್ಕೆ ತಿರುಗಿಸುತ್ತದೆ. ಅಲ್ಲಿ ಕಬ್ಬಿಣದ ಅಂಶ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಹೊಸ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದರೆ ಇದೇ ಕಾರಣ ಅಂತ ಅನುಮಾನಪಡಿ. ಕೈಗೆ ಸಿಕ್ಕ ಚೂರುಗಳನ್ನು ಆರಿಸಿ ತೆಗೆಯಿರಿ. ಗಿಡದ ಸುತ್ತ ಚೆಂದಕ್ಕೆ ಅಂತ ಸಿಮೆಂಟ್ ಕಟ್ಟೆ ಕಟ್ಟಿಸಿದ್ದರೆ, ಒಳಗೆ ಕನಿಷ್ಠ 3 ಅಡಿ ಅಗಲದ ಮಣ್ಣು ಬಿಡಿಸಿ.

ಪಾತಿಯ ಮಣ್ಣು ಮುಚ್ಚಿಡಿ. ಒಣ ಎಲೆ, ಭತ್ತದ ಹುಲ್ಲು, ತೆಂಗಿನಕಾಯಿ ಸಿಪ್ಪೆ, ಏನು ಸಿಗುತ್ತೋ ಅದು. ತುಮಕೂರಲ್ಲಿ ತೆಂಗಿನ ಸಿಪ್ಪೆಗೆ ಬರವೇ? ಮೂರು ನಾಲ್ಕು ಇಂಚು ದಪ್ಪಕ್ಕೆ ಹರಡಿ, ಕಾಂಡದ ಸುತ್ತ ನಾಲ್ಕು ಬೆರಳು ಖಾಲಿ ಬಿಡಿ. ಗೆದ್ದಲು ಬರುತ್ತೆ ಅಂತ ಕೆಲವರು ಹೆದರಿಸುತ್ತಾರೆ. ಕೆಮ್ಮಣ್ಣಲ್ಲಿ ಗೆದ್ದಲು ಬರುವುದು ನಿಜ. ಅದು ಮುಖ್ಯವಾಗಿ ಸತ್ತ ತೊಗಟೆ, ಹುಲ್ಲು, ಅರೆಬೆಂದ ಸಗಣಿ ಗೊಬ್ಬರವನ್ನು ಹುಡುಕಿಕೊಂಡು ಬರುತ್ತದೆ. ಸೊರಗಿದ ಗಿಡವನ್ನೂ ಬಿಡುವುದಿಲ್ಲ. ವಾರಕ್ಕೊಮ್ಮೆ ಮುಚ್ಚಿಗೆ ಎತ್ತಿ ನೋಡಿ, ಕಾಂಡದ ಮೇಲೆ ಮಣ್ಣಿನ ಸಾಲು ಕಂಡರೆ ಕೈಯಲ್ಲೇ ಉಜ್ಜಿ ತೆಗೆಯಿರಿ.

ಪಡುವಣ ಬಿಸಿಲಿಗೆ ಒಂದು ಅಡ್ಡ ಬೇಕು. ನರ್ಸರಿಯಲ್ಲಿ ಗಿಡಗಳು ಒತ್ತೊತ್ತಾಗಿ, ಒಂದರ ನೆರಳಲ್ಲಿ ಒಂದು ಬೆಳೆದಿರುತ್ತವೆ. ಅಂಥದ್ದನ್ನು ತಂದು ಕಾಂಕ್ರೀಟ್ ರಸ್ತೆ ಪಕ್ಕ, ಬಿಳಿ ಕಾಂಪೌಂಡ್ ಮುಂದೆ ನಿಲ್ಲಿಸಿದರೆ ಎಳೆಯ ತೊಗಟೆ ಸುಡುತ್ತದೆ. ಅಡಿಕೆ ತೋಟದವರು ಎಳೆ ಮರದ ಕಾಂಡಕ್ಕೆ ನೈರುತ್ಯದ ಬಿಸಿಲು ಬಡಿಯದ ಹಾಗೆ ಸೋಗೆ ಕಟ್ಟುತ್ತಾರಲ್ಲ, ಅದೇ ಉಪಾಯ ಇಲ್ಲೂ ಆಗುತ್ತದೆ. ಎರಡು ಗೂಟ ನೆಟ್ಟು ತೆಂಗಿನ ಗರಿ ಅಥವಾ ಶೇಡ್ ನೆಟ್ ಕಟ್ಟಿ. ಪಶ್ಚಿಮಕ್ಕೆ ಮಾತ್ರ ಸಾಕು. ಸುತ್ತಲೂ ಮುಚ್ಚಿ ಗಾಳಿ ಕಟ್ಟಬೇಡಿ. ಪ್ಲಾಸ್ಟಿಕ್ ಹಾಳೆ ಬೇಡ.

ಗಂಟುಗಳ ಬಗ್ಗೆ ನಿಶ್ಚಿಂತೆಯಿಂದ ಇರಿ. ಹೊಂಗೆ ಎಲೆ ಮೇಲೆ ಬೆರಳಿನ ತುದಿಯ ಹಾಗೆ ಏಳುವ ಗಂಟು ಕಣ್ಣಿಗೆ ಕಾಣದ ಒಂದು ನುಸಿಯ ಕೆಲಸ. ಊರಿನ ಯಾವ ದೊಡ್ಡ ಹೊಂಗೆ ಮರದ ಕೆಳಗೆ ನಿಂತು ನೋಡಿದರೂ ಇದು ಸಿಗುತ್ತದೆ. ನೋಡಲು ಅಸಹ್ಯ, ಮರಕ್ಕೆ ಹೇಳಿಕೊಳ್ಳುವಂಥ ತೊಂದರೆ ಇಲ್ಲ. ಇದಕ್ಕೆ ಔಷಧಿ ಹೊಡೆಯುವುದು ದಂಡ.

ಅರ್ಧಕ್ಕೆ ಕಡಿಯಿರಿ ಅಂದ ನೆರೆಯವರು ಕೇಡು ಬಯಸಿ ಹೇಳಿದ್ದಲ್ಲ. ಬೇರು ಕಡಿಮೆ ಇದ್ದಾಗ ಮೇಲೂ ಕಡಿಮೆ ಮಾಡಬೇಕು ಅನ್ನುವುದು ಹಳೆಯ ಲೆಕ್ಕ, ಇವತ್ತಿಗೂ ಎಷ್ಟೋ ತೋಟದ ಮಾಲಿಗಳು ಪಾಲಿಸುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಹೊಸ ಬೇರು ಬರಲು ಬೇಕಾದ ಆಹಾರ ಹುಟ್ಟುವುದು ಎಲೆಯಲ್ಲೇ. ಜೊತೆಗೆ ಬೇರಿಗೆ ಬೆಳೆ ಅಂತ ಸೂಚನೆ ಹೋಗುವುದೂ ಚಿಗುರಿನ ತುದಿಯಿಂದಲೇ. ಹಸಿರಿರುವ ಕೊಂಬೆ ಕಡಿದರೆ ಇರುವ ದುಡಿಮೆಯೂ ನಿಂತಂತೆ. ಪೂರಾ ಒಣಗಿದ ಕಡ್ಡಿಗಳನ್ನು ಮಾತ್ರ, ಅದೂ ಒಂದು ಮಳೆ ಬಂದ ಮೇಲೆ, ಹಸಿರು ಶುರುವಾಗುವ ಕಡೆಗೆ ಕತ್ತರಿಸಿ. ಕಾಂಡದ ಮಧ್ಯದಲ್ಲೋ ಬುಡದಲ್ಲೋ ಚಿಗುರು ಒಡೆದರೆ ಈ ವರ್ಷ ಮುಟ್ಟಬೇಡಿ. ಕಾಂಡ ದಪ್ಪ ಆಗುವುದು ಆ ಎಲೆಗಳಿಂದಲೇ.

ಗಿಡವನ್ನು ಗೂಟಕ್ಕೆ ಕಟ್ಟಿರುವ ದಾರವನ್ನೂ ಒಮ್ಮೆ ನೋಡಿ. ತಂತಿ ಅಥವಾ ಪ್ಲಾಸ್ಟಿಕ್ ಸುತಲಿಯಿಂದ ಗಿಡವನ್ನು ಗೂಟಕ್ಕೆ ಬಿಗಿದು ಕಟ್ಟಿದ್ದರೆ ಈಗಲೇ ಬಿಚ್ಚಿ. ಹಳೆಯ ಹತ್ತಿ ಬಟ್ಟೆಯ ಪಟ್ಟಿಯಲ್ಲಿ, ಇಂಗ್ಲಿಷಿನ 8ರ ಆಕಾರದಲ್ಲಿ, ಕಾಂಡ ಸ್ವಲ್ಪ ಅಲುಗಾಡುವಷ್ಟು ಸಡಿಲ ಬಿಟ್ಟು ಕಟ್ಟಿ. ಗಾಳಿಗೆ ತುದಿ ತೂಗಿದರೇ ಕಾಂಡ ಗಟ್ಟಿಯಾಗುವುದು. ಅಲುಗಬಾರದ್ದು ಬುಡ. ಬುಡ ಅಲುಗಿದರೆ ಮಾತ್ರ ಹೊಸ ಎಳೆ ಬೇರು ಹರಿದುಹೋಗುತ್ತದೆ.

ಇಷ್ಟು ಮಾಡಿ ಕಾಯಬೇಕು. ಭರಣಿ ಮಳೆ ಒಂದೆರಡು ಹದವಾಗಿ ಬಿದ್ದರೆ ನಿಮಗೆ ಅರ್ಧ ಕೆಲಸ ಕಡಿಮೆ. ಆದರೆ ಸಿಡಿಲು ಗುಡುಗಿನ ಒಂದು ಜೋರು ಮಳೆ ಬಂತು ಅಂತ ಕ್ಯಾನ್ ಎತ್ತಿಡಬೇಡಿ. ಮೇಲೆ ಹರಿದುಹೋದ ನೀರು ಒಳಗೆ ಇಳಿದಿರುವುದಿಲ್ಲ, ಮತ್ತೆ ಮಣ್ಣು ತೆಗೆದು ನೋಡಿಯೇ ತೀರ್ಮಾನಿಸಿ. ಹೊಸ ಬೇರು ನಿಜವಾಗಿ ಓಡುವುದು ಜೂನ್ ದಾಟಿ ಮಣ್ಣು ತಂಪಾದ ಮೇಲೆ. ಜುಲೈ ಮೊದಲ ವಾರ ವನಮಹೋತ್ಸವ ಅಂತ 1950ರಿಂದ ಗಿಡ ನೆಡುತ್ತಾ ಬಂದಿರುವುದು ಸುಮ್ನೆ ಅಲ್ಲ. ಸಾಲುಮರದ ತಿಮ್ಮಕ್ಕನವರು ಹುಲಿಕಲ್–ಕುದೂರು ರಸ್ತೆಯಲ್ಲಿ ಆಲದ ಗಿಡ ನೆಡುತ್ತಿದ್ದದ್ದೂ ಮಳೆಗಾಲ ನೋಡಿಕೊಂಡೇ. ಆ ಮೇಲೂ ಗಂಡ ಹೆಂಡತಿ ಇಬ್ಬರೂ ಕೊಡ ಹೊತ್ತು ನೀರು ಹಾಕಿದರು, ದನ ಮೇಯದಂತೆ ಮುಳ್ಳು ಕಟ್ಟಿದರು. ಗೃಹಪ್ರವೇಶದ ಮುಹೂರ್ತ ಗಿಡದ ಮುಹೂರ್ತ ಆಗಬೇಕಿಲ್ಲ. ಮಾರ್ಚಿನಲ್ಲಿ ಗಿಡ ತಂದವರು ಕವರಿನಲ್ಲೇ ನೆರಳಲ್ಲಿಟ್ಟು ಸಾಕಿ, ಆರಿದ್ರ ಮಳೆಗೆ ನೆಟ್ಟರೆ ಎಷ್ಟೋ ವಾಸಿ.

ಮಾವನವರ ಮಾತು ಯಾವಾಗ ಸರಿ ಆಗುತ್ತದೆ? ಆಗಸ್ಟ್ ಕೊನೆವರೆಗೆ ನೋಡಿ. ಹೊಂಗೆ ಬುಡದಿಂದ ಚಿಗುರುವುದರಲ್ಲಿ ಗಟ್ಟಿ, ಮೇಲೆಲ್ಲ ಒಣಗಿದರೂ ಒಳ್ಳೆಯ ಮಳೆಗೆ ನೆಲದ ಹತ್ತಿರ ಕಣ್ಣು ಒಡೆಯಬಹುದು. ಹಾಗೆ ಬಂದರೆ ಮೂರ್ನಾಲ್ಕು ಚಿಗುರಲ್ಲಿ ನೆಟ್ಟಗಿರುವ ಒಂದನ್ನು ಮುಂದಿನ ವರ್ಷ ಉಳಿಸಿಕೊಂಡರೆ ಅದೇ ಮರ ಆಗುತ್ತದೆ. ನೆಲಮಟ್ಟದಲ್ಲಿ ಕೆರೆದರೂ ಕಂದು ಕಂಡರೆ ಕೀಳಿ. ಕಿತ್ತಾಗ ಬೇರು ನೋಡದೆ ಬಿಸಾಡಬೇಡಿ. ಕವರಿನ ಆಕಾರದಲ್ಲೇ ಸುರುಳಿ ಸುತ್ತಿಕೊಂಡಿದ್ದರೆ ಗಿಡ ಬರುವಾಗಲೇ ಕೆಟ್ಟಿತ್ತು. ಕಪ್ಪಾಗಿ ಕೊಳೆತಿದ್ದರೆ ಗುಂಡಿಯಲ್ಲಿ ನೀರು ನಿಂತಿತ್ತು, ಅದೇ ಗುಂಡಿಯಲ್ಲಿ ಮತ್ತೆ ನೆಟ್ಟರೆ ಮತ್ತೆ ಅದೇ ಆಗುತ್ತದೆ.

ಬೇರೆ ನೆಡುವುದಾದರೆ 8 ಅಡಿ ಗಿಡದ ಆಸೆ ಬಿಡಿ. 3-4 ಅಡಿಯ, ಕಡ್ಡಿ ದಪ್ಪಗಿರುವ, ತಳದಿಂದ ಬೇರು ಆಚೆ ಬರದ ಗಿಡ ಆರಿಸಿ. ಅರಣ್ಯ ಇಲಾಖೆ ನರ್ಸರಿಗಳಲ್ಲಿ ಮಳೆಗಾಲದ ಮುಂಚೆ ಕಡಿಮೆ ಬೆಲೆಗೆ ಸಿಗುತ್ತವೆ. ಚಿಕ್ಕ ಗಿಡ ಬೇಗ ಬೇರು ಬಿಟ್ಟು, ಎರಡು ಮೂರು ವರ್ಷದಲ್ಲಿ ಸೊರಗಿದ ದೊಡ್ಡ ಗಿಡವನ್ನು ಹಿಂದೆ ಹಾಕುವುದು ಅಪರೂಪವೇನಲ್ಲ. ಗುಂಡಿಯನ್ನು ಆಳಕ್ಕಿಂತ ಅಗಲಕ್ಕೆ ತೋಡಿಸಿ. ಕವರಿನ ಮಣ್ಣು ಕೂರುವ ತಳ ಕದಲದ ಗಟ್ಟಿ ಮಣ್ಣಾಗಿರಲಿ. ಗೊಬ್ಬರ ತಳಕ್ಕೆ ಬೇಡ, ಚೆನ್ನಾಗಿ ಕಳಿತದ್ದನ್ನು ಮೇಲೆ ಹರಡಿದರೆ ಸಾಕು. ನೆಡುವ ಮುಂಚೆ ಉಂಡೆಯ ನಾಲ್ಕು ಬದಿಗೂ ಮೇಲಿಂದ ಕೆಳಗೆ ಬ್ಲೇಡಿನಿಂದ ಅರ್ಧ ಇಂಚು ಆಳಕ್ಕೆ ಗೀರಿ, ಸುತ್ತಿಕೊಂಡ ಬೇರು ಕಡಿಯುತ್ತದೆ. ಆಗ ಅದು ಹೊರಗೆ ಬೆಳೆಯುತ್ತದೆ. ಮೇಲೆ ಕರೆಂಟ್ ತಂತಿ ಇದೆಯಾ, ಕೆಳಗೆ ಸಂಪ್ ಅಥವಾ ಯುಜಿಡಿ (ಒಳಚರಂಡಿ) ಪೈಪ್ ಇದೆಯಾ ಅಂತ ಒಂದು ಸಲ ನೋಡಿಕೊಂಡೇ ಜಾಗ ಗುರುತು ಮಾಡಿ.

ಈ ಗಿಡ ಉಳಿದರೂ ಹೊಸದು ಬಂದರೂ ಎರಡನೇ ಬೇಸಿಗೆಗೂ ನೀರು ಬೇಕು. ಮಳೆಗಾಲ ಕಳೆದು ಗಿಡ ದಷ್ಟಪುಷ್ಟವಾಗಿ ಕಂಡರೆ ಜನ ಮರೆತುಬಿಡುತ್ತಾರೆ. ಫೆಬ್ರವರಿಯಿಂದ ಮೇ ತನಕ ಎಂಟು ಹತ್ತು ದಿನಕ್ಕೊಮ್ಮೆ, ಕಾಂಡದ ಬುಡಕ್ಕಲ್ಲ, ಎರಡು ಅಡಿ ಆಚೆಗೆ ಅಗಲವಾಗಿ, ನಾಲ್ಕು ಕೊಡದಷ್ಟು ನೀರನ್ನು ನಿಧಾನವಾಗಿ ಬಿಡಿ. ಗೂಟವನ್ನು ಮುಂದಿನ ವರ್ಷದ ಮುಂಗಾರು ಗಾಳಿ ಕಳೆದ ಮೇಲೆ ಕಿತ್ತುಹಾಕಬಹುದು.